ಖರೇ ಹೇಳಿದವನ ನುಕಸಾನಕ್ಕ ಮಿತಿ ಯಾಕ?



ನಾನು ಏಳನೇ ಇಯತ್ತೆ ಕಲಿತಾಂವ. ಜತ್ತ ತಾಲೂಕಿನ ಮಳಿನಾಡಲ್ಲದ ನೆಲದಾಗ ಒಕ್ಕಲುತನ ಮಾಡಕೋತ, ಜಾತ್ರಿ ಸಪ್ತಾಹ ಬಂದಾಗ ಡೊಳ್ಳಿನ ಪದ ಹಾಡಕೋತ ಅರವತ್ತು ವರ್ಷ ದಾಟೀನಿ. ವಾಚನಾಲಯದ ಹಿರಿಯರು ಈ ಪುಸ್ತಕಕ್ಕ ಲೇಖನ ಕೊಡ್ರಿ ಅಂದಾಗ ಹಾಡಿನ ಬಗ್ಗೆ ಬರೀತೀನಿ ಅಂತ ಅವರು ತಿಳಕೊಂಡಿದ್ರು. ಹಾಡಿನ ಬಗ್ಗೆ ಬಲ್ಲವರು ಭಾಳ ಮಂದಿ ಬರದಾರ. ನಾನು ಬರಿಯೂದು ಒಂದು ನ್ಯಾಯದ ಮಾತು. ಕಟ್ಟಿ ಮ್ಯಾಲೆ ಕುಂತು ಮಾತಾಡೂವಾಗ ಎರಡು ಮಾತಿನಾಗ ಮುಗಸೂ ಮಾತು ಇದು. ಆದ್ರ ಬಿಡಿಸಿ ನೋಡಿದ್ರ ಎಳಿ ಮ್ಯಾಲೆ ಎಳಿ ಬರತಾವು.

ಪ್ರಶ್ನೆ ಹಿಂಗದ. ಒಬ್ಬ ಕೆಲಸಗಾರ ತಾನು ದುಡಿಯುವ ಜಾಗದಲ್ಲಿ ನಡೆದ ಮೋಸ ನೋಡಿದ. ನೋಡಿ ಸುಮ್ಮನ ಕೂಡಲಿಲ್ಲ, ಹೇಳಬೇಕಾದವರಿಗೆ ಹೇಳಿದ. ಅದಕ್ಕ ಮಾಲಕರು ಅವನನ್ನ ಕೆಲಸದಿಂದ ತಗದರು. ಮುಂದ ವಿಚಾರಣೆಯಾಗಿ ಇವನು ಹೇಳಿದ್ದೇ ಖರೇ, ಇವನಿಗೆ ಅನ್ಯಾಯ ಆಗ್ಯದ ಅಂತ ತೀರ್ಪು ಬಂತು. ಈಗ ಅವನಿಗೆ ಕೊಡೂ ಪರಿಹಾರ ಎಷ್ಟು? ಇಂತಿಷ್ಟು ತಿಂಗಳ ಪಗಾರಕ್ಕಿಂತ ಹೆಚ್ಚು ಕೊಡಬಾರದು ಅಂತ ಕಾಯ್ದೆ ಮೊದಲೇ ಗೆರಿ ಹೊಡೆಯುವುದು ನ್ಯಾಯವೋ ಅನ್ಯಾಯವೋ?

ಪೇಪರಿನವರು ಇಂಥವರಿಗೆ ವಿಷಲ್ ಬ್ಲೋವರ್ ಅಂತ ಬರೀತಾರ. ಸೀಟಿ ಊದಾಂವ ಅಂತ ಅದರ ಅರ್ಥ. ನಮಗ ಇದು ಹೊಸಾದಲ್ಲ. ಜ್ವಾಳ ಹಾಲುಗಾಳಿಗೆ ಬಂದಾಗ ಅಟ್ಟ ಹಾಕಿ, ಕೈಯಾಗ ಕವಣಿ ಹಿಡಿದು, ಹಕ್ಕಿ ಬಂದ್ರ ಕೂಗಿ ಎಬ್ಬಿಸಾಂವ ಇರತಾನ. ಅಂವ ಕೂಗಿದ್ರ ಹೊಲದ ಮಾಲಕ ಖುಷಿ ಪಡತಾನ. ಆದ್ರ ಜ್ವಾಳ ತಿನ್ನುವುದು ಹಕ್ಕಿ ಅಲ್ಲ, ಮಾಲಕನ ಅಳಿಯನೇ ರಾತ್ರಿ ತೆನಿ ಮುರಕೊಂಡು ಹೊಂಟಾನ ಅಂದ್ರ? ಆಗ ಅಟ್ಟದ ಮ್ಯಾಲಿನವ ಕೂಗಿದ್ರ ಮೊದಲು ಕೆಳಗ ಬೀಳೂದು ಅಟ್ಟ. ಕೂಗೂ ಕೆಲಸಕ್ಕೇ ಇಟ್ಟಾರ, ಕೂಗಿದ್ದಕ್ಕೇ ತಗೀತಾರ. ಇದೇ ಈ ಪ್ರಶ್ನೆಯ ಬೇರು.

ಗೆರಿ ಎಲ್ಲೈತಿ ಅಂತ ಮೊದಲು ನೋಡೋಣ. ದೂರ ಹೋಗೂದು ಬ್ಯಾಡ, ನಮ್ಮ ಮಹಾರಾಷ್ಟ್ರದಾಗೇ ಅದ. ಈ ಪುಸ್ತಕ ಓದುವ ಮಾಸ್ತರರಿಗೆ, ಬಾಯಾರಿಗೆ ಇದು ನೇರ ಹತ್ತುವ ಮಾತು. ಖಾಸಗಿ ಸಂಸ್ಥೆಗಳ ಶಾಲೆಯಲ್ಲಿ ದುಡಿಯುವವರಿಗಾಗಿ 1977ರ ಹೆಸರಿನ ಒಂದು ಕಾಯ್ದೆ ಅದ. ಸಂಸ್ಥೆಯವರು ಅನ್ಯಾಯವಾಗಿ ಕೆಲಸದಿಂದ ತಗದರ ಶಾಲಾ ನ್ಯಾಯಮಂಡಳಿಗೆ ಅಪೀಲು ಹೋಗಬಹುದು. ಮಂಡಳಿ ತಿರುಗಿ ಕೆಲಸಕ್ಕ ಹಚ್ಚಬಹುದು, ಹಿಂದಿನ ಪಗಾರ ಕೊಡಿಸಬಹುದು. ಇದು ಚಲೋ ಮಾತು. ಆದ್ರ ಇವರನ್ನ ತಿರುಗಿ ಕೆಲಸಕ್ಕ ಕಳಿಸೂದು ಬ್ಯಾಡ ಅಂತ ಮಂಡಳಿ ನಿರ್ಧಾರ ಮಾಡಿದರ, ಹೋದ ನೌಕರಿಗೆ ಪರಿಹಾರ ಅಂತ ಕೊಡೂದು ಇಷ್ಟು: 10 ವರ್ಷ ಅಥವಾ ಹೆಚ್ಚು ಸೇವೆ ಮಾಡಿದವರಿಗೆ 12 ತಿಂಗಳ ಪಗಾರ, 10 ವರ್ಷಕ್ಕಿಂತ ಕಡಿಮಿ ಸೇವೆ ಮಾಡಿದವರಿಗೆ 6 ತಿಂಗಳ ಪಗಾರ.

ಒಂದು ಲೆಕ್ಕ ಹಾಕೋಣ. 35 ವರ್ಷದ ಒಬ್ಬ ಶಿಕ್ಷಕ, 9 ವರ್ಷ ಸೇವೆ ಆಗ್ಯದ. 58ಕ್ಕ ನಿವೃತ್ತಿ ಅಂದ್ರ ಇನ್ನೂ 23 ವರ್ಷ, ಅಂದ್ರ 276 ತಿಂಗಳ ದುಡಿಮಿ ಅವನ ಮುಂದ ಇತ್ತು. ಅದರ ಬದಲು 6 ತಿಂಗಳು. ಬ್ಯಾರೆ ಕಡೆ ಏನರೇ ದುಡದು ಉಣ್ಣತಾನ, ಪೂರಾ 276 ತಿಂಗಳ ನುಕಸಾನ ಅಂತ ಹೇಳಲಿಕ್ಕೆ ಬರೂದಿಲ್ಲ, ಒಪ್ಪತೀನಿ. ಆದ್ರ 276ಕ್ಕೂ 6ಕ್ಕೂ ನಡುವ ಒಂದು ದೊಡ್ಡ ಹಳ್ಳ ಅದ. ಆ ಹಳ್ಳದಾಗ ಒಂದು ಸಂಸಾರ ಇರತದ.

ಇಲ್ಲಿ ಇನ್ನೊಂದು ಸೂಕ್ಷ್ಮ ಅದ, ಗಮನ ಕೊಡ್ರಿ. ಕೆಲಸಕ್ಕ ತಿರುಗಿ ಹೋದವನಿಗೆ ಮುಂದಿನ ಪಗಾರ ನಿವೃತ್ತಿ ತನಕ ಬರತಾನೇ ಇರತದ. ಹೋಗಲಿಕ್ಕೆ ಆಗದವನಿಗೆ ಮಾತ್ರ ಗೆರಿ. ಯಾರಿಗೆ ಹೋಗಲಿಕ್ಕೆ ಆಗೂದಿಲ್ಲ? ಯಾರ ಮ್ಯಾಲೆ ಸಂಸ್ಥೆಯವರ ಸಿಟ್ಟು ಭಾಳ ಅದ, ಯಾರ ಮಾರಿ ನೋಡಲಿಕ್ಕೂ ಅವರು ತಯಾರಿಲ್ಲ, ಅವರಿಗೆ. ಅಂದ್ರ ಎಷ್ಟು ಹೆಚ್ಚು ದ್ವೇಷ ಮಾಡತೀವೋ ಅಷ್ಟು ಅಗ್ಗಾಗಿ ಬಿಡುಗಡೆ ಆಗತೀವಿ ಅಂತ ಆಯ್ತು. ಗಾಯ ಸಣ್ಣದಿದ್ದರ ಪೂರಾ ಔಷಧ, ಗಾಯ ದೊಡ್ಡದಿದ್ದರ ಅರ್ಧ ಪಟ್ಟಿ. ಇದು ಯಾವ ವೈದ್ಯಕಿ?

ಕೋರ್ಟಿನವರಿಗೂ ಈ ಸಂಕಟ ಗೊತ್ತದ. 2013ರಾಗ ನಮ್ಮ ರಾಜ್ಯದ ಔರಂಗಾಬಾದ ಕಡೆಯ ಒಬ್ಬ ಶಿಕ್ಷಕಿಯ ದಾವೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಆ ಬಾಯಾರು ಮುಖ್ಯಾಧ್ಯಾಪಕಿ ಇದ್ದರು. ಶಾಲೆಯ ಕರ ಬಾಕಿ ಅದ ಅಂತ ಮಹಾನಗರಪಾಲಿಕೆಯಿಂದ ಅವರ ಹೆಸರಿಗೆ ನೋಟೀಸು ಬಂತು. ಕಟ್ಟಬೇಕಾದವರು ಆಡಳಿತದವರು, ಸರಕಾರದ ಅನುದಾನದಾಗ ಕಟ್ಟಡದ ಬಾಡಿಗಿ ಸೈತ ಬರತದ, ಅದಕ್ಕ ಬಾಯಾರು ಆ ನೋಟೀಸು ಅಧ್ಯಕ್ಷರ ಕಡೆ ಕಳಿಸಿದರು. ಇಷ್ಟೇ ಅವರು ಮಾಡಿದ್ದು. ಆಡಳಿತದವರಿಗೆ ಸಿಟ್ಟು ಬಂತು. ಒಂದರ ಹಿಂದ ಒಂದು 25 ಮೆಮೊ ಕೊಟ್ಟರು, 2006ರ ನವೆಂಬರದಾಗ ಅಮಾನತು ಮಾಡಿದರು, 2007ರ ಜೂನದಾಗ ಕೆಲಸದಿಂದ ತಗದರು. 2009ರಾಗ ನ್ಯಾಯಮಂಡಳಿ ತಿರುಗಿ ಕೆಲಸಕ್ಕ ತಗೋರಿ, ಪೂರ್ತಿ ಪಗಾರ ಕೊಡ್ರಿ ಅಂತು. ಹೈಕೋರ್ಟು ಕೆಲಸ ಕೊಡ್ರಿ ಆದ್ರ ಹಿಂದಿನ ಪಗಾರ ಬ್ಯಾಡ ಅಂತು. ಸುಪ್ರೀಂ ಕೋರ್ಟು ಮಾತ್ರ ಅದನ್ನ ತಗದು ಹಾಕಿ ಪೂರ್ತಿ ಪಗಾರ ಕೊಡಿಸಿತು. ಅನ್ಯಾಯವಾಗಿ ತಗದಾಗ ತಿರುಗಿ ಕೆಲಸ, ಪೂರ್ತಿ ಹಿಂದಿನ ಪಗಾರ, ಇದೇ ಸಾಮಾನ್ಯ ನಿಯಮ ಅಂತ ಹೇಳಿತು. ತಪ್ಪು ಮಾಡಿದವರು ಮಾಲಕರು, ಅದರ ಭಾರ ನೌಕರ ಯಾಕ ಹೊರಬೇಕು ಅನ್ನುವುದು ಆ ತೀರ್ಪಿನ ಸಾರ.

ಒಂದು ನೋಟೀಸನ್ನ ಹೋಗಬೇಕಾದ ಕೈಗೆ ಕಳಿಸಿದ್ದಕ್ಕ ಸುಮಾರು ಏಳು ವರ್ಷ. ಇದನ್ನ ತಲಿಯೊಳಗ ಇಟ್ಟುಕೊಂಡು ಮುಂದ ಓದ್ರಿ.

ನಮ್ಮ ಡೊಳ್ಳಿನ ಪದದಾಗ ಒಂದು ಪದ್ಧತಿ ಅದ. ಎರಡು ಮೇಳ ಎದುರುಬದುರು ನಿಂದರತಾವು. ಒಂದು ಮೇಳ ಸವಾಲು ಹಾಕತದ, ಇನ್ನೊಂದು ಜವಾಬು ಕೊಡತದ. ಎದುರಿನ ಮೇಳದ ಸವಾಲನ್ನ ಸಣ್ಣದು ಮಾಡಿ ತೋರಿಸಿ ಗೆಲ್ಲೂದು ಹಾಡಿಕೆಯವನ ಮರ್ಯಾದಿ ಅಲ್ಲ. ಅವರ ಸವಾಲು ಎಷ್ಟು ಗಟ್ಟಿ ಅದನೋ ಅಷ್ಟು ಗಟ್ಟಿಯಾಗೇ ಎತ್ತಿಕೊಂಡು ಜವಾಬು ಕೊಡಬೇಕು. ಅದಕ್ಕ ಮಿತಿ ಇರಬೇಕು ಅನ್ನುವವರ ಸವಾಲು ನಾಲ್ಕನ್ನೂ ಪೂರಾ ಹೇಳತೀನಿ.

ಮೊದಲನೇ ಸವಾಲು: ಎಲ್ಲಾ ಕೆಲಸಗಾರರ ಕಣ್ಣೀರೂ ಉಪ್ಪೇ. ಜಾತಿ ನೋಡಿ ತಗದವರು ಅದಾರ, ಬಸುರಿ ಅಂತ ತಗದವರು ಅದಾರ, ಸುಮ್ಮನ ತಗದವರು ಅದಾರ. ಅವರಿಗೆಲ್ಲ ಗೆರಿ ಇರುವಾಗ ಬಾಯಿ ಬಿಟ್ಟವನಿಗೆ ಮಾತ್ರ ಯಾಕ ಹೆಚ್ಚು? ಅವನ ಹೊಟ್ಟಿ ಏನು ದೊಡ್ಡದೇನು?

ಇದು ಖರೇ ಸವಾಲು. ಹೊಟ್ಟಿ ಎಲ್ಲರದೂ ಒಂದೇ. ಅನ್ಯಾಯವಾಗಿ ತಗದ ಯಾರಿಗೇ ಆಗಲಿ ಸಣ್ಣ ಗೆರಿ ಹೊಡಿಯೂದು ತಪ್ಪೇ ಅಂತ ನಾನೂ ಹೇಳತೀನಿ. ಆದ್ರ ಬಾಯಿ ಬಿಟ್ಟವನ ವಿಷಯದಾಗ ಇನ್ನೊಂದು ಮಾತು ಕೂಡತದ. ಉಳಿದವರಿಗೆ ಅನ್ಯಾಯ ಆದಾಗ ನುಕಸಾನ ಅವರ ಮನಿದು. ಇವನಿಗೆ ಅನ್ಯಾಯ ಆದಾಗ ನುಕಸಾನ ಊರಿಂದು, ಯಾಕಂದ್ರ ಇವನ ಬಾಯಿ ಮುಚ್ಚಿದ್ದನ್ನ ನೋಡಿ ನೂರು ಬಾಯಿ ಮುಚ್ಚತಾವು. ಅವನು ಕಳಕೊಂಡದ್ದು ತನ್ನ ಸಲುವಾಗಿ ಅಲ್ಲ, ನಮ್ಮ ಸಲುವಾಗಿ.

ಇಂಗ್ಲಂಡದವರು ಇದನ್ನ ಹೆಣ ಎಣಿಸಿ ಕಲಿತರು. 1987ರ ಮಾರ್ಚ 6ಕ್ಕ ಬೆಲ್ಜಿಯಂ ದೇಶದ ಝೀಬ್ರುಗ್ ಬಂದರಿನಿಂದ ಒಂದು ದೊಡ್ಡ ಹಡಗು ಮುಂದಿನ ಬಾಗಲಾ ತೆರೆದುಕೊಂಡೇ ಹೊಂಟು ಮಗಚಿ ಬಿತ್ತು. 193 ಮಂದಿ ಸತ್ತರು. ಬಾಗಲಾ ಮುಚ್ಚೇದೋ ಇಲ್ಲೋ ಅಂತ ಮ್ಯಾಲೆ ಕುಂತ ಕ್ಯಾಪ್ಟನ್ನಿಗೆ ಕಾಣೂದಿಲ್ಲ, ಒಂದು ದೀಪ ಕೂಡಸ್ರಿ ಅಂತ ಆ ಕಂಪನಿಯ ಕ್ಯಾಪ್ಟನ್ನರು ಮೊದಲೇ ಕೇಳಿದ್ದರು. ಮ್ಯಾಲಿನವರು ಚ್ಯಾಷ್ಟಿ ಮಾಡಿದ್ದರು. ಇಂಥ ಹಲವು ಅಪಘಾತಗಳ ವಿಚಾರಣೆಯೊಳಗ ಒಂದೇ ಮಾತು ಬಂತು: ಒಳಗಿನವರಿಗೆ ಗೊತ್ತಿತ್ತು, ಆದ್ರ ಹೇಳಿದವರ ಮಾತು ನಡೀಲಿಲ್ಲ, ಉಳಿದವರು ಅಂಜಿ ಹೇಳಲಿಲ್ಲ. ಅದಕ್ಕ ಅವರು 1998ರಾಗ ಕಾಯ್ದೆ ಮಾಡಿ, 1999ರಿಂದ ಜಾರಿಗೆ ತಂದರು. ಪರಿಹಾರದ ಮಿತಿ ಬಗ್ಗೆ ಅವರೂ ವಿಚಾರ ಮಾಡಿದರು. ಸಾಮಾನ್ಯ ಅನ್ಯಾಯದ ವಜಾಕ್ಕ ಆ ವರ್ಷ 50,000 ಪೌಂಡಿನ ಗೆರಿ ಹೊಡೆದರು, ಸಾರ್ವಜನಿಕರ ಹಿತಕ್ಕ ಬಾಯಿ ಬಿಟ್ಟು ನೌಕರಿ ಕಳಕೊಂಡವರಿಗೆ ಮಾತ್ರ ಗೆರಿನೇ ಬ್ಯಾಡ ಅಂದರು. ಅವರ ಬಾಜೂದ ಐರ್ಲೆಂಡದವರು 2014ರಾಗ ನಡುವಿನ ದಾರಿ ಹಿಡಿದರು. ಅಲ್ಲಿ ಸಾಮಾನ್ಯ ವಜಾಕ್ಕ 2 ವರ್ಷದ ಪಗಾರ ಮಿತಿ, ಬಾಯಿ ಬಿಟ್ಟವನಿಗೆ 5 ವರ್ಷದ ಪಗಾರ ಮಿತಿ. ಎರಡೂ ದೇಶದವರು ಒಪ್ಪಿದ ಮಾತು ಒಂದೇ: ಇವನು ತನ್ನ ಹೊಲ ಅಷ್ಟೇ ಕಾಯಲಿಲ್ಲ.

ಎರಡನೇ ಸವಾಲು: ರೊಕ್ಕ ಹೆಚ್ಚಾದ್ರ ಖರೇ ಹೇಳೂದು ವ್ಯಾಪಾರ ಆಗತದ. ನಾಳೆ ಕೆಲಸಾ ಮಾಡಲಾರದ ಮೈಗಳ್ಳ ಸೈತ, ತಗದ ಕೂಡಲೇ, ನಾನು ಮೋಸ ಹೇಳಿದ್ದಕ್ಕ ತಗದರು ಅಂತ ಕೋರ್ಟು ಹತ್ತತಾನ. ಸತ್ಯಕ್ಕ ಕೂಲಿ ಕೊಟ್ಟರ ಅದು ಸತ್ಯ ಉಳಿಯೂದಿಲ್ಲ.

ಇದಕ್ಕ ಎರಡು ಜವಾಬು. ಒಂದು, ಸುಳ್ಳು ಹೇಳಿದವನಿಗೆ ಶಿಕ್ಷಾ ಬ್ಯಾರೆ ಅದ. ನಮ್ಮ ದೇಶದ 2014ರ ಕಾಯ್ದೆಯೊಳಗ ಗೊತ್ತಿದ್ದೂ ಸುಳ್ಳು ದೂರು ಕೊಟ್ಟವನಿಗೆ 2 ವರ್ಷದ ತನಕ ಸೆರೆಮನಿ, 30,000 ರೂಪಾಯಿ ತನಕ ದಂಡ ಅಂತ ಬರದಾರ. ಐರ್ಲೆಂಡದಾಗ ಮೋಸದ ತನಿಖೆ ಆಗಲಿ ಅನ್ನುವುದೇ ಮುಖ್ಯ ಉದ್ದೇಶ ಇರದಿದ್ದರ ಪರಿಹಾರದಾಗ ನೂರಕ್ಕ 25ರ ತನಕ ಕಡಿಮಿ ಮಾಡಬಹುದು. ಸುಳ್ಳುಗಾರನನ್ನ ಹಿಡಿಯಲಿಕ್ಕೆ ಸುಳ್ಳುಗಾರನ ಕಾಲಿಗೆ ಹಗ್ಗ ಹಾಕಬೇಕು. ಖರೇ ಹೇಳಿದವನ ಕಾಲಿಗೆ ಹಾಕಿದ್ರ ಸುಳ್ಳುಗಾರ ಸಿಗತಾನೇನು?

ಎರಡನೇ ಜವಾಬು ಇದಕ್ಕಿಂತ ಮುಖ್ಯದ್ದು. ಪರಿಹಾರ ಬ್ಯಾರೆ, ಇನಾಮು ಬ್ಯಾರೆ. ಇನಾಮು ಅಂದ್ರ ಇರದೇ ಇದ್ದದ್ದನ್ನ ಕೊಡೂದು. ಪರಿಹಾರ ಅಂದ್ರ ಇದ್ದದ್ದನ್ನ ಕಸಗೊಂಡದ್ದನ್ನ ತಿರುಗಿ ಕೊಡೂದು. ನಮ್ಮ ಮರಾಠಿ ಮಾತಿನಾಗ ಇದಕ್ಕ ನುಕಸಾನ ಭರಪಾಯಿ ಅಂತಾರ, ನಾವೂ ಕನ್ನಡದಾಗ ಅದೇ ಮಾತು ಆಡತೀವಿ. ಭರಪಾಯಿ ಅಂದ್ರ ತುಂಬಿಕೊಡೂದು. ಕೊಡದಾಗಿನ ನೀರು ಚಲ್ಲಿದವನು ಕೊಡ ತುಂಬಿಕೊಟ್ಟರ ಅದಕ್ಕ ದಾನ ಅಂತೀವೇನು? ಇನಾಮಿಗೆ ಮಿತಿ ಹಾಕ್ರಿ, ನನ್ನ ತಕರಾರು ಇಲ್ಲ. ಭರಪಾಯಿಗೆ ಮಿತಿ ಹಾಕಿದ್ರ ಕೊಡ ಅರ್ಧಾ ತುಂಬಿ, ಮುಗೀತು ಹೋಗು ಅಂದಂಗ. ಉಳಿದ ಅರ್ಧ ಕೊಡದ ನೀರು ಯಾರು ಹೊರಬೇಕು? ಅದನ್ನೂ ಅವನೇ ಹೊರಬೇಕು. ಅಂದ್ರ ಮಿತಿ ಹಾಕಿದಾಗ ಆ ನುಕಸಾನ ಮಾಯ ಆಗೂದಿಲ್ಲ. ಮೋಸ ಮಾಡಿದವನ ಹೆಗಲಿನಿಂದ ಖರೇ ಹೇಳಿದವನ ಹೆಗಲಿಗೆ ಬರತದ, ಅಷ್ಟೇ.

ಮೂರನೇ ಸವಾಲು: ಲೆಕ್ಕ ಗೊತ್ತಿರಬೇಕು. ಸಂಸ್ಥೆ ನಡಸುವವನಿಗೆ ನಾಳೆ ಎಷ್ಟು ಕೊಡಬೇಕಾಗತದ ಅಂತ ಅಂದಾಜು ಇಲ್ಲದಿದ್ದರ ಅವನು ಕಾರಭಾರ ಹೆಂಗ ಮಾಡಬೇಕು?

ಇದಕ್ಕ ನಮ್ಮ ಕೊಂಡವಾಡದ ಜವಾಬು ಕೊಡತೀನಿ. ಹೊಲ ಮೇದ ದನಾ ಹಿಡಿದು ಕೊಂಡವಾಡಕ್ಕ ಹೊಡಿಯೂದು, ದಂಡ ಕಟ್ಟಿ ಬಿಡಿಸಿಕೊಂಡು ಹೋಗೂದು ಹಿಂದಿನಿಂದ ಬಂದ ಪದ್ಧತಿ. ದಂಡ ಇಷ್ಟೇ ಅಂತ ಗೊತ್ತಿದ್ದಾಗ ಏನಾಗತಿತ್ತು? ಬರಗಾಲದಾಗ ಮೇವಿನ ಧಾರಣಿ ಏರಿದ ಕೂಡಲೇ, ಮೇವು ಕೊಳ್ಳೂದಕ್ಕಿಂತ ದಂಡ ಕಟ್ಟೂದೇ ಅಗ್ಗ ಅಂತ ಲೆಕ್ಕ ಹಾಕಿ ರಾತ್ರಿ ದನಾ ಬಿಡುವವರು ಇದ್ದರು. ಮೊದಲೇ ಗೊತ್ತಿರುವ ಸಣ್ಣ ದಂಡ ದಂಡ ಅಲ್ಲ. ಅದು ಮೇವಿನ ರೇಟು.

ಕಾಯ್ದೆಯ ಗೆರಿಯೂ ಹಂಗೇ. ಬಾಯಿ ಬಿಟ್ಟವನನ್ನ ಹೊರಗ ಹಾಕಿದ್ರ ಹೆಚ್ಚಂದ್ರ 6 ತಿಂಗಳ, ಇಲ್ಲಾ 12 ತಿಂಗಳ ಪಗಾರ ಅಂತ ಮೋಸಗಾರನಿಗೆ ಮೊದಲೇ ಗೊತ್ತಾದ್ರ ಅವನು ಅಂಜೂದಿಲ್ಲ, ಗುಣಾಕಾರ ಮಾಡತಾನ. ಒಂದು ಕಡೆ ಮೋಸದ ಲಾಭ, ಇನ್ನೊಂದು ಕಡೆ ಬಾಯಿ ಮುಚ್ಚಿಸೂ ಖರ್ಚು. ಲಾಭಕ್ಕ ಮಿತಿ ಇಲ್ಲ, ಖರ್ಚಿಗೆ ಮಿತಿ ಅದ. ಯಾವ ವ್ಯಾಪಾರಿ ಬಿಡತಾನ? ಚಲೋ ಕಾರಭಾರ ಮಾಡಾಂವನಿಗೆ ಅಂದಾಜು ಬೇಕಾಗಿದ್ದರ ಬಲು ಸುಲಭದ ಅಂದಾಜು ಅದ: ಖರೇ ಹೇಳಿದವನನ್ನ ತಗೀಬ್ಯಾಡ, ಖರ್ಚು ಸೊನ್ನೆ. ಬಸವಣ್ಣನ ಮ್ಯಾಲೆ ಭಂಡಾರದ ಅಪವಾದ ಬಂದಾಗ ಅಂವ ಲೆಕ್ಕ ತೋರಿಸಿದ ಅಂತ ನಾವು ಪುರಾಣದಾಗ ಕೇಳೀವಿ. ಪೆಟ್ಟಿಗಿ ಸ್ವಚ್ಛ ಇದ್ದವನಿಗೆ ಕೀಲಿ ತಗಿಯಲಿಕ್ಕೆ ಅಂಜಿಕಿ ಇಲ್ಲ.

ನಾಲ್ಕನೇ ಸವಾಲು ಎಲ್ಲಕ್ಕಿಂತ ಗಟ್ಟಿ. ಸಂಸ್ಥೆ ಅಂದ್ರ ಯಾರದು? ಊರ ಸೊಸಾಯಿಟಿ, ಊರ ಶಾಲೆ, ಹಾಲಿನ ಡೇರಿ. ತಪ್ಪು ಮಾಡಿದಾಂವ ಚೇರಮನ್, ಆದ್ರ ಪರಿಹಾರದ ರೊಕ್ಕ ಹೋಗೂದು ಸಂಸ್ಥೆಯ ಖಾತೆಯಿಂದ, ಅಂದ್ರ ಸಭಾಸದರ ಕಿಸೆಯಿಂದ. ದೊಡ್ಡ ಮೊತ್ತ ಬಿದ್ದರ ಸಂಸ್ಥೆನೇ ಮುಳಗತದ. ಒಬ್ಬನಿಗೆ ನ್ಯಾಯ ಕೊಡಲಿಕ್ಕೆ ಹೋಗಿ ನೂರು ಮಂದಿ ಬಡವರ ಬಾಯಿಗೆ ಮಣ್ಣು ಹಾಕೂದು ನ್ಯಾಯವೇ?

ಈ ಸವಾಲಿಗೆ ನಾನು ತಲಿ ಬಾಗತೀನಿ. ದೊಡ್ಡ ಕಂಪನಿಗೆ ಒಂದು ಕೋಟಿ ಸೊಳ್ಳಿ ಕಡದಂಗ, ನಮ್ಮ ಸೊಸಾಯಿಟಿಗೆ ಹತ್ತು ಲಕ್ಷ ಸಿಡ್ಲು ಬಡದಂಗ. ಆದ್ರ ಈ ಸವಾಲು ಮಿತಿ ಬೇಕು ಅಂತ ಹೇಳೂದಿಲ್ಲ, ರೊಕ್ಕ ತಪ್ಪು ಕಿಸೆಯಿಂದ ಹೊಂಟದ ಅಂತ ಹೇಳತದ. ಹಂಗಾದ್ರ ಕಿಸೆ ಬದಲು ಮಾಡಬೇಕು, ಅವನ ಪಾಲು ಕಡಿಮಿ ಮಾಡಬಾರದು. ತಗದು ಹಾಕ್ರಿ ಅಂತ ಸಹಿ ಮಾಡಿದ ಕೈ ಯಾವುದು? ಠರಾವಿಗೆ ಕೈ ಎತ್ತಿದವರು ಯಾರು? ಮೊದಲು ಅವರ ಸ್ವಂತ ಆಸ್ತಿಯಿಂದ ಭರಪಾಯಿ ಆಗಲಿ. ಇನ್ನೂ ಒಂದು ಮಾತು: ಹಣದ ಭಾರ ತಡಕೊಳ್ಳಲಾರದ ಸಣ್ಣ ಸಂಸ್ಥೆಗೆ ಅಗ್ಗದ ದಾರಿ ಕೆಲಸ ತಿರುಗಿ ಕೊಡೂದು. ತಿರುಗಿ ಕೆಲಸ ಕೊಟ್ಟರ ಅಂವ ದುಡಿತಾನ, ಸಂಸ್ಥೆಗೂ ಲಾಭ. ಚೇರಮನ್ನರ ಸಿಟ್ಟಿನ ಸಲುವಾಗಿ ಆ ದಾರಿ ಬಿಟ್ಟು, ಆಮ್ಯಾಲೆ ಸಂಸ್ಥೆ ಬಡದು ಅಂತ ಅಳೂದು ಸರಿಯಲ್ಲ.

ಸವಾಲು ಜವಾಬು ಇಷ್ಟು. ಈಗ ನಮ್ಮ ಕಡೆಯ ಒಂದು ಉದಾಹರಣೆ. ಊರ ಹೆಸರು, ಕಾರಖಾನಿ ಹೆಸರು ಬ್ಯಾಡ. ನಮ್ಮ ಸಂಬಂಧದಾಗಿನ ಒಬ್ಬ ಹುಡುಗ ಒಂದು ಸಕ್ಕರಿ ಕಾರಖಾನಿಯ ಕಾಟಾದ ಮ್ಯಾಲೆ ಗುತ್ತಿಗಿ ನೌಕರಿ ಮಾಡತಿದ್ದ. ಕಾಟಾ ಒಂದು ಗಾಡಿಗೆ ಎರಡು ಎರಡೂವರಿ ಕ್ವಿಂಟಲ್ ಕಡಿಮಿ ತೋರಸತದ ಅಂತ ಅವನಿಗೆ ಗೊತ್ತಾತು. ಮೊದಲು ಮ್ಯಾಲಿನವರಿಗೆ ಹೇಳಿದ. ಸುಮ್ಮನಿರು ಅಂದರು. ಆಮ್ಯಾಲೆ ಕಬ್ಬಿನವರಿಗೆ ಹೇಳಿದ. ಗದ್ದಲ ಆಗಿ ಕಾಟಾ ರಿಪೇರಿ ಆತು. ಅವತ್ತಿನಿಂದ ಎಲ್ಲರ ಗಾಡಿ ಸರಿಯಾಗಿ ತೂಗಿತು. ಎಂಟು ದಿವಸಕ್ಕ ಆ ಹುಡುಗನಿಗೆ ನಾಳೆಯಿಂದ ಬರಬ್ಯಾಡ ಅಂದರು. ಎರಡು ತಿಂಗಳ ಪಗಾರ ಕೈಯಾಗ ಕೊಟ್ಟು, ಇನ್ನ ಮುಂದ ನನ್ನ ಬೇಡಿಕಿ ಏನೂ ಇಲ್ಲ ಅಂತ ಕಾಗದಕ್ಕ ಸಹಿ ತಗೊಂಡರು. ಮನಿಯಾಗ ತಾಯಿ ಜಡ್ಡಿಲೆ ಮಲಗಿದ್ದಳು, ಸಹಿ ಮಾಡದೆ ಏನ ಮಾಡತಾನ?

ಎರಡು ತಿಂಗಳು ಮುಗಿದ ಮ್ಯಾಲೆ ಬ್ಯಾರೆ ಕಾರಖಾನಿಗೆ ಕೆಲಸ ಕೇಳಲಿಕ್ಕೆ ಹೋದ. ಅಂವ ಹೋಗೂದಕ್ಕಿಂತ ಮೊದಲು ಅವನ ಸುದ್ದಿ ಹೋಗಿತ್ತು. ಬಾಯಿ ಬಿಡಾಂವ ಅಂತ ಹೆಸರು ಬಿದ್ದಿತ್ತು. ಕಳ್ಳ ಅಂತ ಹೆಸರು ಬಿದ್ದವನಿಗೂ ಎಲ್ಲೋ ಒಂದು ಕಡೆ ಕೆಲಸ ಸಿಗತದ, ಖರೇ ಹೇಳಾಂವ ಅಂತ ಹೆಸರು ಬಿದ್ದವನಿಗೆ ಸಿಗೂದಿಲ್ಲ. ಅಂವ ಈಗ ಮಂದಿ ಕುರಿ ಕಾಯತಾನ. ಕುರಿ ಕಾಯೂದು ಕೀಳು ಕೆಲಸ ಅಲ್ಲ, ನಮ್ಮ ಮಾಡಗ್ಯಾಳ ಕುರಿಗೆ ಎಲ್ಲೆಲ್ಲಿಂದೋ ಗಿರಾಕಿ ಬರತಾರ. ಆದ್ರ ಅಂವ ಕಲತದ್ದು ಕಾಟಾದ ಕೆಲಸ. ಇದಕ್ಕ ನಾನು ಹೇಳೂದು, ನುಕಸಾನ ಪಗಾರದ್ದು ಅಷ್ಟೇ ಅಲ್ಲ. ಪಗಾರ, ಕಲತ ಕೆಲಸ, ಮುಂದಿನ ಬಾಗಲಾ, ಮೂರೂ ಹೋಗತಾವು. ಎರಡು ತಿಂಗಳು, ಆರು ತಿಂಗಳು, ಹನ್ನೆರಡು ತಿಂಗಳು ಅನ್ನೂ ಅಳತಿ ಮೊದಲನೇದ್ದನ್ನ ಅಷ್ಟೇ ಅಳೀತದ, ಅದನ್ನೂ ಅರ್ಧಮರ್ಧ.

ಇಂಗ್ಲಂಡದಾಗ ರಾಜ್ ಮಟ್ಟು ಅಂತ ಒಬ್ಬ ಹೃದಯದ ಡಾಕ್ಟರು. ನಾಲ್ಕು ಕಾಟಿನ ಜಾಗದಾಗ ಐದು ರೋಗಿಗಳನ್ನ ಹಾಕತಾರ, ಇದರಿಂದ ಜೀವಕ್ಕ ಅಪಾಯ ಅದ ಅಂತ 2001ರಾಗ ಬಹಿರಂಗ ಹೇಳಿದರು. 2002ರಾಗ ಅಮಾನತು, 2010ರಾಗ ವಜಾ. 2014ರಾಗ ನ್ಯಾಯಮಂಡಳಿ ಇವರದು ಅನ್ಯಾಯದ ವಜಾ ಅಂತ ಹೇಳಿತು, 2016ರಾಗ 12 ಲಕ್ಷ 20 ಸಾವಿರ ಪೌಂಡು ಪರಿಹಾರ ಸಿಕ್ಕಿತು. ಕೇಳಿದವರು, ಅಬ್ಬಾ ಎಷ್ಟು ರೊಕ್ಕ ಅಂತಾರ. ನಾನು ವರ್ಷ ಎಣಸತೀನಿ. 2001ರಿಂದ 2016. ಹದಿನೈದು ವರ್ಷ. ಒಬ್ಬ ಡಾಕ್ಟರು ಹದಿನೈದು ವರ್ಷದಾಗ ಎಷ್ಟು ಎದಿ ನೋಡತಿದ್ದ? ದೊಡ್ಡ ಮೊತ್ತ ಕಂಡಾಗ ಅದರ ಕೆಳಗ ಎಷ್ಟು ವರ್ಷ ಸಮಾಧಿ ಆಗ್ಯಾವ ಅಂತ ನೋಡಬೇಕು.

ಇನ್ನು ನಮ್ಮ ದೇಶದ ಸಂಗತಿ. ಬಿಹಾರದಾಗ ಹೆದ್ದಾರಿ ಕೆಲಸದ ಎಂಜಿನಿಯರು ಸತ್ಯೇಂದ್ರ ದುಬೆ, ರಸ್ತೆ ಕೆಲಸದಾಗ ಮೋಸ ನಡದದ, ನನ್ನ ಹೆಸರು ಗುಟ್ಟಾಗಿ ಇಡ್ರಿ ಅಂತ ಪ್ರಧಾನಿಗೆ ಪತ್ರ ಬರದರು. ಹೆಸರು ಗುಟ್ಟಾಗಿ ಉಳೀಲಿಲ್ಲ. 2003ರ ನವೆಂಬರ 27ಕ್ಕ ಗಯಾ ಊರಾಗ ಅವರ ಕೊಲೆ ಆತು. ಎರಡು ವರ್ಷಕ್ಕ, 2005ರ ನವೆಂಬರ 19ಕ್ಕ, ಉತ್ತರ ಪ್ರದೇಶದ ಲಖಿಂಪುರ ಖೇರಿ ಕಡೆ ಎಸ್. ಮಂಜುನಾಥ ಅನ್ನೂ ಹುಡುಗನ್ನ ಗುಂಡು ಹೊಡದು ಕೊಂದರು. ಅಂವ ಕನ್ನಡ ನಾಡಿನವ, ಕೋಲಾರ ಚಿನ್ನದ ಗಣಿಯ ಊರಾಗ ಬೆಳದಾಂವ, ಮೈಸೂರಾಗ ಕಲತಾಂವ, ಕಾಲೇಜಿನಾಗ ಚಲೋ ಹಾಡತಿದ್ದ. ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿ ಪೆಟ್ರೋಲು ಪಂಪಿನ ಕಲಬೆರಕಿ ಹಿಡಿದದ್ದೇ ಅವನ ತಪ್ಪು. 27 ವರ್ಷ. ಒಬ್ಬ ಹಾಡಾಂವನ ಕೊರಳು ಹೋತು ಅಂತ ನನಗ ಅವನ ಹೆಸರು ಹೆಚ್ಚು ನೆನಪು.

ದುಬೆ ಅವರ ಕೊಲೆ ಆದ ಮ್ಯಾಲೆ 2004ರಾಗ ಕೇಂದ್ರ ಸರಕಾರ ಒಂದು ಠರಾವು ಮಾಡಿ ಇಂಥ ದೂರು ತಗೊಳ್ಳಲಿಕ್ಕೆ ಕೇಂದ್ರ ಜಾಗೃತ ಆಯೋಗಕ್ಕ ಅಧಿಕಾರ ಕೊಟ್ಟಿತು. ಹತ್ತು ವರ್ಷಕ್ಕ, 2014ರಾಗ, ಸಂಸತ್ತು ಕಾಯ್ದೆ ಪಾಸು ಮಾಡಿ ರಾಷ್ಟ್ರಪತಿಗಳ ಸಹಿಯೂ ಆತು. ಬಾಯಿ ಬಿಟ್ಟವನಿಗೆ ತ್ರಾಸ ಕೊಟ್ಟಿಲ್ಲ ಅಂತ ಸಿದ್ಧ ಮಾಡೂ ಭಾರ ಸರಕಾರಿ ಕಚೇರಿ ಮ್ಯಾಲೆ, ಅವನ ಹೆಸರು ಬಯಲು ಮಾಡಿದವನಿಗೆ 3 ವರ್ಷದ ತನಕ ಸೆರೆಮನಿ, ಅವನನ್ನ ಮೊದಲಿದ್ದ ಜಾಗಕ್ಕ ತಿರುಗಿ ಕೂಡಸೂ ಆಜ್ಞೆ ಮಾಡಬಹುದು, ಇಷ್ಟೆಲ್ಲ ಅದರಾಗ ಅದ. ಆದ್ರ ಖಾಸಗಿ ಕಂಪನಿಯೊಳಗ ದುಡಿಯೂವರಿಗೆ ಅದು ಹತ್ತೂದಿಲ್ಲ. ಕಳಕೊಂಡವನಿಗೆ ಇಷ್ಟು ರೊಕ್ಕ ಕೊಡ್ರಿ ಅನ್ನೂ ಲೆಕ್ಕ ಅದರಾಗಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತು, ಸಹಿ ಆದ ಮ್ಯಾಲೆ ವರ್ಷಗಟ್ಟಲೆ ಅದನ್ನ ಜಾರಿಗೆ ತರಲಿಲ್ಲ. ಕಾಯ್ದೆ ಪುಸ್ತಕದಾಗ ಮಲಗ್ಯದ. ಮಿತಿ ಎಷ್ಟು ಅಂತ ನಾವು ವಾದ ಮಾಡತೀವಿ, ಇಲ್ಲಿ ಮಿತಿ ಸೊನ್ನೆ ಆಗ್ಯದ.

ನಮ್ಮ ಹಾಡಿನ ಮಂದಿ ಹರಿಶ್ಚಂದ್ರನ ಕಥಿ ಹಾಡತೀವಿ. ಸತ್ಯಕ್ಕಾಗಿ ರಾಜ್ಯ ಬಿಟ್ಟ, ಹೆಂಡತಿ ಮಗನನ್ನ ಮಾರಿದ, ಸುಡಗಾಡು ಕಾಯ್ದ. ಕಡೀಕ ದೇವರು ಬಂದು ರಾಜ್ಯ ತಿರುಗಿ ಕೊಟ್ಟ, ಸತ್ತ ಮಗನನ್ನ ಎಬ್ಬಿಸಿದ. ಕೇಳುವವರು ಕಣ್ಣು ಒರಸಿಕೊಂಡು ಮನಿಗೆ ಹೋಗತಾರ. ಆ ಕಥಿಯೊಳಗ ದೇವರು, ಹರಿಶ್ಚಂದ್ರಾ, ನಿನಗ ಆರು ತಿಂಗಳ ರಾಜ್ಯ ಅಷ್ಟೇ ಅಂತ ಹೇಳಲಿಲ್ಲ. ಕಳಕೊಂಡದ್ದಷ್ಟೂ ಕೊಟ್ಟ. ನ್ಯಾಯ ಅಂದ್ರ ಹಿಂಗಿರಬೇಕು ಅಂತ ನಮ್ಮ ಹಿರಿಯರ ಮನಸ್ಸಿನಾಗ ಇತ್ತು, ಅದಕ್ಕ ಕಥಿ ಹಂಗ ಮುಗದದ. ಆದ್ರ ದೇವರಿಗೂ ಒಂದು ಕೊಡಲಿಕ್ಕೆ ಆಗಲಿಲ್ಲ. ಚಂದ್ರಮತಿ ಮಗನ ಹೆಣಾ ಹೊತ್ತು ಬಂದ ಆ ರಾತ್ರಿಯನ್ನ ಅವಳ ಎದಿಯಿಂದ ತಗಿಯಲಿಕ್ಕೆ ಆಗಲಿಲ್ಲ. ಎಷ್ಟು ಕೊಟ್ಟರೂ ಕೊಡದೇ ಉಳಿಯೂದು ಒಂದು ಇದ್ದೇ ಇರತದ. ಹಿಂಗಿರುವಾಗ ಕೊಡಲಿಕ್ಕೆ ಬರೂದನ್ನೂ ಕಡಿಮಿ ಮಾಡಬೇಕೇನು?

ನಾನು ತೂಗಿ ನೋಡಿ ಮುಟ್ಟಿದ ಜಾಗ ಹೇಳತೀನಿ. ಹೋದ ಪಗಾರ, ಮುಂದ ಬರಬೇಕಾದ ದುಡಿಮಿಯ ನುಕಸಾನ, ಇದಕ್ಕ ಗೆರಿ ಇರಬಾರದು. ಎಷ್ಟು ಹೋಗ್ಯದ ಅಷ್ಟು, ಬ್ಯಾರೆ ಕಡೆ ದುಡದದ್ದನ್ನ ಕಳದು. ಮನಸ್ಸಿನ ನೋವು, ಹೋದ ಮಾನ, ಇದಕ್ಕ ರೊಕ್ಕದ ಅಳತಿ ಯಾರಿಂದಲೂ ಆಗೂದಿಲ್ಲ, ಅದಕ್ಕ ಸಂಸ್ಥೆಯ ಶಕ್ತಿ ನೋಡಿ ಒಂದು ಅಂದಾಜಿನ ಮಿತಿ ಹಾಕಿದ್ರ ನಾನು ಜಗಳಾಡೂದಿಲ್ಲ. ಕೊಡೂದು ಮೊದಲು ತಪ್ಪು ಮಾಡಿದವರ ಕಿಸೆಯಿಂದ ಹೋಗಲಿ. ರೊಕ್ಕಕ್ಕಿಂತ ಮುಂಚೆ ಕೆಲಸ ತಿರುಗಿ ಸಿಗಲಿ. ಇವೆಲ್ಲ ಏಳು ವರ್ಷದಾಗ ಅಲ್ಲ, ಒಂದು ಹಂಗಾಮು ಮುಗಿಯೂದರೊಳಗ ಆಗಲಿ, ಯಾಕಂದ್ರ ಒಲಿಗೆ ಕಾಯಲಿಕ್ಕೆ ಬರೂದಿಲ್ಲ.

ಕಾಯ್ದೆ ಮಾಡೂದು ಮುಂಬೈ ದಿಲ್ಲಿಯವರ ಕೈಯಾಗ ಅದ, ನಮ್ಮ ಕೈಯಾಗ ಏನದ ಅಂತ ಮಾಸ್ತರರು ಕೇಳಬಹುದು. ನಮ್ಮ ಕೈಯಾಗ ಮುಯ್ಯಿ ಅದ. ಲಗ್ನದಾಗ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ವಹಿಯೊಳಗ ಬರದು ಇಡತೀವಿ. ಹತ್ತು ವರ್ಷ ಆದರೂ ಅವರ ಮನಿಯ ಲಗ್ನಕ್ಕ ಅದನ್ನ ತಿರುಗಿಸತೀವಿ, ಕಡಿಮಿ ಮಾಡಿದ್ರ ಮಾನ ಹೋಗತದ ಅಂತ ಒಂದು ರೂಪಾಯಿ ಹೆಚ್ಚೇ ಹಾಕತೀವಿ. ಕಾಟಾ ಸರಿ ಆದ ಮ್ಯಾಲೆ ನಮ್ಮ ಕಡೆಯ ಪ್ರತಿ ಗಾಡಿಗೆ ಎರಡೂವರಿ ಕ್ವಿಂಟಲ್ ಉಳದದ. ಅದು ಆ ಹುಡುಗ ನಮ್ಮೆಲ್ಲರ ಮನಿಗೆ ಮಾಡಿದ ಮುಯ್ಯಿ. ಅದನ್ನ ಯಾವ ವಹಿಯೊಳಗೂ ಬರದಿಲ್ಲ. ಈ ವಾಚನಾಲಯದಾಗ ಒಂದು ವಹಿ ಇಡೋಣ ಅಂತ ನನ್ನ ಸೂಚನೆ. ಊರ ಸಲುವಾಗಿ ಖರೇ ಹೇಳಿ ಯಾರು ಏನು ಕಳಕೊಂಡರು ಅಂತ ಅದರಾಗ ಬರೀಬೇಕು. ಅವರ ಮಕ್ಕಳ ಶಾಲೆ ಫೀ, ಅವರ ಹೊಲದ ಬಿತ್ತಗಿ, ಅವರ ಮನಿಯ ದವಾಖಾನಿ ಖರ್ಚು ಬಂದಾಗ ವಹಿ ತಗದು ನೋಡಬೇಕು. ಸರಕಾರದ ಗೆರಿ ಎಲ್ಲಿಗೆ ಮುಗೀತದೋ ಅಲ್ಲಿಂದ ಊರ ಪಾಲು ಸುರು ಆಗಲಿ.

ಮೊದಲನೇ ಹೆಸರು ನಾನು ಹೇಳತೀನಿ, ಬರಕೊಳ್ಳಲಿಕ್ಕೆ ಮಾಸ್ತರರು ಬರಲಿ.